ಸರಿಯಾದ ಸಮಯ ಮುಂದಿನ ತಿಂಗಳು ತಿಳಿಯುತ್ತದೆ

ಈಗ ಸಮಯ ನಿಖರವಾಗಿ ಎಷ್ಟಾಗಿದೆ ಎಂದು ಜಗತ್ತಿನಲ್ಲಿ ಯಾರಿಗೂ ಗೊತ್ತಿಲ್ಲ. ಒಗಟಿನಂತೆ ಕೇಳಿಸಿದರೂ ಇದು ಒಂದು ಕಚೇರಿಯ ದಿನನಿತ್ಯದ ಕೆಲಸದ ಕ್ರಮ. ಪ್ಯಾರಿಸ್ ಪಕ್ಕದ ಸೆವ್ರ್‌ನಲ್ಲಿ ಅಂತರರಾಷ್ಟ್ರೀಯ ತೂಕ ಮತ್ತು ಅಳತೆಗಳ ಬ್ಯೂರೋ ಇದೆ. ಲೋಕದ 80ಕ್ಕೂ ಹೆಚ್ಚು ಪ್ರಯೋಗಾಲಯಗಳು ತಮ್ಮಲ್ಲಿರುವ ಪರಮಾಣು ಗಡಿಯಾರಗಳ ಲೆಕ್ಕವನ್ನು ಅಲ್ಲಿಗೆ ಕಳುಹಿಸುತ್ತವೆ. ಎಲ್ಲ ಸೇರಿ ಸುಮಾರು 450 ಗಡಿಯಾರಗಳು. ಬ್ಯೂರೋದವರು ಅವುಗಳನ್ನು ಒಂದಕ್ಕೊಂದು ಹೋಲಿಸಿ, ತೂಗಿ ನೋಡಿ, ಸರಾಸರಿ ತೆಗೆಯುತ್ತಾರೆ. ಯುಟಿಸಿ (ಕೋಆರ್ಡಿನೇಟೆಡ್ ಯೂನಿವರ್ಸಲ್ ಟೈಮ್) ಎಂದು ನಾವು ಕರೆಯುವ ಜಾಗತಿಕ ಸಮಯ ಹುಟ್ಟುವುದು ಆ ಲೆಕ್ಕದ ಹಾಳೆಯಲ್ಲಿ. ಒಂದು ತಿಂಗಳ ಲೆಕ್ಕ ಮುಗಿದು ಪ್ರಕಟವಾಗುವಷ್ಟರಲ್ಲಿ ಮುಂದಿನ ತಿಂಗಳು ಬಂದಿರುತ್ತದೆ. ಹೋದ ತಿಂಗಳು ಸರಿಯಾದ ಸಮಯ ಎಷ್ಟಿತ್ತು ಎಂಬುದು ಈ ತಿಂಗಳು ಖಚಿತವಾಗುತ್ತದೆ.

ಆ ಪ್ರಕಟಣೆಯ ಹೆಸರು ‘ಸರ್ಕ್ಯುಲರ್ ಟಿ’. ಯಾರು ಬೇಕಾದರೂ ತೆರೆದು ನೋಡಬಹುದು. ನಾನು ಆಗಾಗ ನೋಡುತ್ತೇನೆ. ಓದುವುದಕ್ಕೆ ಅದರಲ್ಲಿ ಏನೂ ಇಲ್ಲ, ಬರೀ ಕೋಷ್ಟಕ. ಎಡಗಡೆ ಪ್ರಯೋಗಾಲಯಗಳ ಸಂಕ್ಷಿಪ್ತ ಹೆಸರು, ಮೇಲುಗಡೆ ಐದು ದಿನಕ್ಕೊಂದರಂತೆ ತಾರೀಖು, ಒಳಗೆಲ್ಲ ನ್ಯಾನೋಸೆಕೆಂಡುಗಳು. ನ್ಯಾನೋಸೆಕೆಂಡ್ ಎಂದರೆ ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು. ಈ ಸಂಸ್ಥೆಯ ಗಡಿಯಾರ ಆ ದಿನ ಇಷ್ಟು ಮುಂದಿತ್ತು, ಆ ಸಂಸ್ಥೆಯದು ಇಷ್ಟು ಹಿಂದಿತ್ತು ಎಂಬುದಷ್ಟೇ ಅಲ್ಲಿರುವ ವಿಷಯ. ಯುಟಿಸಿಯನ್ನೇ ತೋರಿಸುವ ಗಡಿಯಾರ ಎಲ್ಲಿಯೂ ಇಲ್ಲ. ಅದರಿಂದ ತಾನೆಷ್ಟು ದೂರವಿದ್ದೆ ಎಂದು ತಡವಾಗಿ ತಿಳಿದುಕೊಳ್ಳುವ ಗಡಿಯಾರಗಳು ಮಾತ್ರ ಇವೆ.

ಸರಾಸರಿಯಲ್ಲಿ ಎಲ್ಲ ಗಡಿಯಾರಗಳಿಗೂ ಸಮಾನ ಬೆಲೆ ಇಲ್ಲ. ಯಾವುದರ ನಡೆಯನ್ನು ಮುಂಚಿತವಾಗಿ ಊಹಿಸಬಹುದೋ ಅದರ ಮಾತಿಗೆ ತೂಕ ಹೆಚ್ಚು. ಒಂದು ಗಡಿಯಾರ ದಿನವೂ ಒಂದೇ ಸಮನಾಗಿ ಸ್ವಲ್ಪ ಮುಂದೆ ಓಡುತ್ತಿದ್ದರೆ ಅದರ ಮೇಲೆ ಯಾರಿಗೂ ಬೇಸರವಿಲ್ಲ. ಆ ಹೆಚ್ಚಳವನ್ನು ಕಳೆದರಾಯಿತು. ಇವತ್ತು ಮುಂದೆ, ನಾಳೆ ಹಿಂದೆ ಎಂದು ತಾಳ ತಪ್ಪುವ ಗಡಿಯಾರದ ಮಾತನ್ನು ಮಾತ್ರ ಯಾರೂ ಕೇಳುವುದಿಲ್ಲ. ಹಾಗೆಂದು ಅತ್ಯುತ್ತಮ ಗಡಿಯಾರಕ್ಕೂ ಸರ್ವಾಧಿಕಾರವಿಲ್ಲ. ಯಾವುದೇ ಒಂದು ಗಡಿಯಾರಕ್ಕೆ ಇದಕ್ಕಿಂತ ಹೆಚ್ಚು ತೂಕ ಕೊಡಕೂಡದು ಎಂಬ ಮಿತಿ ಇದೆ. ಈ ಏರ್ಪಾಡು ನನಗೆ ಬಹಳ ಹಿಡಿಸುತ್ತದೆ. ಸರಿಯಾಗಿರುವುದಕ್ಕಿಂತ ತನ್ನ ತಪ್ಪಿನ ಪ್ರಮಾಣ ಗೊತ್ತಿರುವುದಕ್ಕೆ ಇಲ್ಲಿ ಹೆಚ್ಚು ಮರ್ಯಾದೆ.

ಆದರೆ ಕಾಲದ ಬಗ್ಗೆ ನಮ್ಮ ಮನಸ್ಸಿನಲ್ಲಿ ಬೇರೂರಿರುವ ಚಿತ್ರ ಇದಲ್ಲ. ಎಲ್ಲೋ ಒಂದು ನಿಜವಾದ ಕಾಲ ಯಾರ ಹಂಗೂ ಇಲ್ಲದೆ ಹರಿಯುತ್ತಿದೆ, ನಮ್ಮ ಗಡಿಯಾರಗಳು ಅದನ್ನು ಕಂಡಷ್ಟು ಕಂಡು ತೋರಿಸುತ್ತವೆ ಎಂದೇ ನಾವು ಅಂದುಕೊಂಡಿರುತ್ತೇವೆ. 1687ರಲ್ಲಿ ನ್ಯೂಟನ್ ಹೇಳಿದ್ದೂ ಅದನ್ನೇ: ನಿರಪೇಕ್ಷವಾದ, ಗಣಿತೀಯವಾದ ಕಾಲ ಹೊರಗಿನ ಯಾವುದರ ಸಂಬಂಧವೂ ಇಲ್ಲದೆ ತನ್ನಷ್ಟಕ್ಕೆ ಸಮನಾಗಿ ಹರಿಯುತ್ತದೆ, ನಾವು ಬಳಸುವ ಗಂಟೆ, ದಿನ, ವರ್ಷಗಳು ಅದರ ವ್ಯಾವಹಾರಿಕ ರೂಪ. ‘ಜಾಗತಿಕ ಸಮಯ’ ಎಂಬ ಮಾತು ಕಿವಿಗೆ ಬಿದ್ದಾಗ ನಮಗೆ ನೆನಪಾಗುವುದು ನ್ಯೂಟನ್ನನ ಈ ಕಾಲವೇ. ವಾಸ್ತವದಲ್ಲಿ ಅದು ಒಂದು ಸುತ್ತೋಲೆ. ಈ ಎರಡರ ನಡುವಿನ ಅಂತರವನ್ನು ಮರೆತಾಗಲೇ ಕಾಲದ ಕುರಿತ ನಮ್ಮ ಮಾತುಕತೆ ಹಳಿ ತಪ್ಪುತ್ತದೆ ಎಂಬುದು ನನ್ನ ಅನಿಸಿಕೆ.

ನಮ್ಮ ಹಳೆಯ ಖಗೋಳ ಗ್ರಂಥ ಸೂರ್ಯಸಿದ್ಧಾಂತ ಆರಂಭದಲ್ಲೇ ಕಾಲವನ್ನು ಎರಡಾಗಿ ವಿಂಗಡಿಸುತ್ತದೆ. ಲೋಕಗಳನ್ನು ಕೊನೆಗಾಣಿಸುವ ಕಾಲ ಒಂದು, ಲೆಕ್ಕಕ್ಕೆ ಸಿಗುವ ಕಾಲ ಇನ್ನೊಂದು. ಮೊದಲನೆಯದಕ್ಕೆ ನಮಸ್ಕಾರ ಹಾಕಿ ಆ ಗ್ರಂಥ ಎರಡನೆಯದರ ಕೆಲಸಕ್ಕೆ ಇಳಿಯುತ್ತದೆ. ಅಲ್ಲಿ ಕೈಗೆ ಸಿಗುವ ಅತಿ ಚಿಕ್ಕ ಅಳತೆ ಪ್ರಾಣ, ಅಂದರೆ ಒಂದು ಉಸಿರು. ಆರು ಪ್ರಾಣಕ್ಕೆ ಒಂದು ವಿನಾಡಿ, ಅರವತ್ತು ವಿನಾಡಿಗೆ ಒಂದು ನಾಡಿ, ಅರವತ್ತು ನಾಡಿಗೆ ನಕ್ಷತ್ರಗಳ ಲೆಕ್ಕದ ಒಂದು ದಿನ. ಗುಣಿಸಿ ನೋಡಿದರೆ ದಿನಕ್ಕೆ 21,600 ಪ್ರಾಣಗಳಾಗುತ್ತವೆ. ಒಂದು ಪ್ರಾಣಕ್ಕೆ ಹೆಚ್ಚುಕಡಿಮೆ 4 ಸೆಕೆಂಡ್. ಒಂದು ವೃತ್ತದಲ್ಲಿ 360 ಡಿಗ್ರಿ, ಡಿಗ್ರಿಗೆ 60 ಕಲೆ, ಒಟ್ಟು ಕಲೆಗಳೂ 21,600. ಇದು ಕಾಕತಾಳೀಯವಲ್ಲ. ಒಂದು ಉಸಿರಿನಲ್ಲಿ ಭೂಮಿ ಒಂದು ಕಲೆಯಷ್ಟು ತಿರುಗುತ್ತದೆ ಎಂದು ಆರ್ಯಭಟ ಹೇಳುವುದು ಇದೇ ಲೆಕ್ಕದಿಂದ. ಸಮಭಾಜಕ ವೃತ್ತದ ಮೇಲೆ ನಿಂತವರು ಅಷ್ಟರಲ್ಲಿ ಸುಮಾರು 1.85 ಕಿಲೋಮೀಟರ್ ಪೂರ್ವಕ್ಕೆ ಸಾಗಿರುತ್ತಾರೆ.

ಇಲ್ಲಿ ಕಾಲವೆಂದರೆ ಒಂದು ಕೋನ. ಭೂಮಿ ಎಷ್ಟು ತಿರುಗಿತು ಎಂಬ ಪ್ರಶ್ನೆಯೂ ಸಮಯ ಎಷ್ಟಾಯಿತು ಎಂಬ ಪ್ರಶ್ನೆಯೂ ಒಂದೇ. ಇಂದಿಗೂ ಖಗೋಳ ವಿಜ್ಞಾನಿಗಳು ಯುಟಿ1 ಎಂದು ಕರೆಯುವ ಸಮಯ ಹೀಗೆಯೇ ಇದೆ. ಬಹುದೂರದ ಗೆಲಾಕ್ಸಿಗಳ ಉಜ್ವಲ ಕೇಂದ್ರಗಳಾದ ಕ್ವೇಸಾರ್‌ಗಳಿಂದ ಬರುವ ರೇಡಿಯೊ ಅಲೆಗಳನ್ನು ಗಮನಿಸಿ ಭೂಮಿ ಯಾವ ಕೋನದಲ್ಲಿದೆ ಎಂದು ಅಳೆಯುತ್ತಾರೆ. ಆ ಕೋನವನ್ನೇ ಗಂಟೆ, ನಿಮಿಷಗಳಾಗಿ ಬರೆಯುತ್ತಾರೆ.

ಆದರೆ ಕೋನವೆಂದ ಮೇಲೆ ಎಲ್ಲಿಂದ ಅಳೆಯಬೇಕು ಎಂಬ ಪ್ರಶ್ನೆ ಏಳುತ್ತದೆ. ಒಂದು ಡಿಗ್ರಿ ರೇಖಾಂಶಕ್ಕೆ 4 ನಿಮಿಷದ ವ್ಯತ್ಯಾಸ. ಪೂರ್ವಕ್ಕಿರುವ ಊರಿನಲ್ಲಿ ಮಧ್ಯಾಹ್ನ ಮೊದಲು, ಪಶ್ಚಿಮಕ್ಕಿರುವಲ್ಲಿ ಆಮೇಲೆ. ಸೂರ್ಯಸಿದ್ಧಾಂತದವರು ಲಂಕೆ, ಉಜ್ಜಯಿನಿಗಳ ಮೇಲೆ ಹಾಯುವ ಒಂದು ಗೆರೆಯನ್ನು ಮೂಲವಾಗಿಟ್ಟುಕೊಂಡು ಉಳಿದ ಊರುಗಳಿಗೆ ‘ದೇಶಾಂತರ’ದ ತಿದ್ದುಪಡಿ ಮಾಡುತ್ತಿದ್ದರು. ನಾನು ಆ ಗೆರೆಯಿಂದ ಎಷ್ಟು ದೂರವಿದ್ದೇನೆ ಎಂದು ತಿಳಿಯಲು ಅವರು ಸೂಚಿಸಿದ ದಾರಿ ಚಂದ್ರಗ್ರಹಣ. ಸೂರ್ಯೋದಯದಂತೆ ಚಂದ್ರಗ್ರಹಣ ಊರಿಂದ ಊರಿಗೆ ಜರುಗುತ್ತಾ ಹೋಗುವುದಿಲ್ಲ. ಭೂಮಿಯ ನೆರಳು ಚಂದ್ರನ ಮೇಲೆ ಬೀಳುವುದನ್ನು ರಾತ್ರಿಯಿರುವ ಕಡೆಯವರೆಲ್ಲ ಒಟ್ಟಿಗೆ ನೋಡುತ್ತಾರೆ. ಮೂಲರೇಖೆಗೆ ಲೆಕ್ಕ ಹಾಕಿದ ಹೊತ್ತು, ನನ್ನ ಊರಿನ ಹೊತ್ತಿನಲ್ಲಿ ಗ್ರಹಣ ಕಂಡ ಗಳಿಗೆ, ಇವೆರಡರ ವ್ಯತ್ಯಾಸವೇ ನನ್ನ ದೇಶಾಂತರ. ತಂತಿ, ರೇಡಿಯೊ, ಉಪಗ್ರಹ ಯಾವುದೂ ಇಲ್ಲದ ಕಾಲದಲ್ಲಿ ಅರ್ಧ ಭೂಮಿಗೆ ಒಂದೇ ಸಲ ಕೇಳಿಸುತ್ತಿದ್ದ ಗಂಟೆಯೆಂದರೆ ಅದೊಂದೇ. ವರ್ಷಕ್ಕೆ ಒಂದೆರಡು ಸಲ ಬಾರಿಸುತ್ತಿತ್ತು, ಅದೂ ಮೋಡವಿಲ್ಲದಿದ್ದರೆ.

ಸೂರ್ಯನನ್ನೇ ನಂಬಿದರೂ ಸಮ ಹೆಜ್ಜೆಯ ಕಾಲ ಸಿಗುವುದಿಲ್ಲ. ಭೂಮಿಯ ಕಕ್ಷೆ ಪೂರ್ತಿ ವೃತ್ತವಲ್ಲ, ಅದರ ಅಕ್ಷ ಸುಮಾರು 23.4 ಡಿಗ್ರಿ ವಾಲಿದೆ. ಹೀಗಾಗಿ ನವೆಂಬರ್ ಆರಂಭದಲ್ಲಿ ನೆರಳು ಗಡಿಯಾರ ಗೋಡೆಯ ಗಡಿಯಾರಕ್ಕಿಂತ ಸುಮಾರು 16 ನಿಮಿಷ ಮುಂದಿರುತ್ತದೆ. ಫೆಬ್ರುವರಿ ಮಧ್ಯದಲ್ಲಿ 14 ನಿಮಿಷ ಹಿಂದಿರುತ್ತದೆ. ಎರಡೂ ಹೊಂದುವುದು ವರ್ಷದಲ್ಲಿ ನಾಲ್ಕೇ ದಿನ. ಈ ಏರಿಳಿತವನ್ನು ಸರಿದೂಗಿಸಲು ಖಗೋಳ ವಿಜ್ಞಾನಿಗಳು ಒಬ್ಬ ಮಧ್ಯಮ ಸೂರ್ಯನನ್ನು ಕಲ್ಪಿಸಿಕೊಂಡರು. ಆತ ವರ್ಷವಿಡೀ ಒಂದೇ ವೇಗದಲ್ಲಿ ನಡೆಯುತ್ತಾನೆ, ಆಕಾಶದಲ್ಲಿ ಮಾತ್ರ ಎಲ್ಲಿಯೂ ಇಲ್ಲ. ಗ್ರೀನಿಚ್ ಮೀನ್ ಟೈಮ್ ಎಂಬುದರಲ್ಲಿರುವ ‘ಮೀನ್’ ಇದೇ ಇಲ್ಲದ ಸೂರ್ಯನದು. ಪರಮಾಣು ಗಡಿಯಾರ ಬರುವ ಎಷ್ಟೋ ಮೊದಲೇ ನಾವು ಕಂಡ ಸೂರ್ಯನನ್ನು ಬಿಟ್ಟು ಲೆಕ್ಕದ ಸೂರ್ಯನನ್ನು ಹಿಡಿದಿದ್ದೆವು.

ಅಲ್ಲಿಯವರೆಗೆ ಊರಿಗೊಂದು ಸಮಯವಿದ್ದರೂ ಯಾರಿಗೂ ತೊಂದರೆಯಾಗಿರಲಿಲ್ಲ. ತಕರಾರು ಶುರುವಾದದ್ದು ರೈಲು ಬಂದ ಮೇಲೆ. ಇಂಗ್ಲೆಂಡಿನ ಗ್ರೇಟ್ ವೆಸ್ಟರ್ನ್ ರೈಲ್ವೆ 1840ರಲ್ಲೇ ತನ್ನ ನಿಲ್ದಾಣಗಳಿಗೆಲ್ಲ ಲಂಡನ್ ಸಮಯವನ್ನು ಕಡ್ಡಾಯ ಮಾಡಿತು. ಬ್ರಿಸ್ಟಲ್ ನಗರದ ಸಮಯ ಲಂಡನ್ನಿಗಿಂತ ಸುಮಾರು 10 ನಿಮಿಷ ಹಿಂದೆ. ಅಲ್ಲಿಯ ಕಾರ್ನ್ ಎಕ್ಸ್‌ಚೇಂಜ್ ಕಟ್ಟಡದ ಗಡಿಯಾರಕ್ಕೆ ಎರಡು ನಿಮಿಷದ ಮುಳ್ಳುಗಳಿವೆ: ಒಂದು ಲಂಡನ್ನಿನದು, ಇನ್ನೊಂದು ಊರಿನದು. ರೈಲು ಹಿಡಿಯುವವರು ಒಂದನ್ನು ನೋಡಬೇಕು, ಉಳಿದವರು ಇನ್ನೊಂದನ್ನು. ಎರಡು ಸಮಯಗಳು ಒಂದೇ ಮುಖದ ಮೇಲೆ ಜಗಳವಿಲ್ಲದೆ ಬಾಳಿದ ಆ ಗಡಿಯಾರ ಈಗಲೂ ಹಾಗೇ ಇದೆ. ಕಾನೂನಿನ ಮೂಲಕ ಬ್ರಿಟನ್ ಪೂರ್ತಿ ಒಂದೇ ಸಮಯಕ್ಕೆ ಬಂದದ್ದು 1880ರಲ್ಲಿ. ಅಮೆರಿಕದ ರೈಲು ಕಂಪನಿಗಳು 1883ರ ನವೆಂಬರ್ 18ರಂದು ಸರ್ಕಾರವನ್ನು ಕೇಳುವ ಗೋಜಿಗೂ ಹೋಗದೆ ತಾವೇ ಕಾಲವಲಯಗಳನ್ನು ಮಾಡಿಕೊಂಡವು. ಅಂದು ಎಷ್ಟೋ ಊರುಗಳು ಎರಡೆರಡು ಸಲ ಮಧ್ಯಾಹ್ನ ಕಂಡವು.

ಈ ಕತೆಯಲ್ಲಿ ನನಗೆ ಎಲ್ಲರಿಗಿಂತ ಪ್ರಿಯಳಾದವಳು ರೂತ್ ಬೆಲ್ವಿಲ್. ಅವಳ ತಂದೆ ಜಾನ್ ಹೆನ್ರಿ ಬೆಲ್ವಿಲ್ ಗ್ರೀನಿಚ್ ವೀಕ್ಷಣಾಲಯದಲ್ಲಿ ಕೆಲಸಕ್ಕಿದ್ದವನು. 1836ರಲ್ಲಿ ಅವನು ಲಂಡನ್ನಿನ ಗಡಿಯಾರ ವ್ಯಾಪಾರಿಗಳಿಗೆ ಸಮಯವನ್ನು ತಲುಪಿಸುವ ಕೆಲಸ ಶುರು ಮಾಡಿದ. ಅವನ ನಂತರ ಹೆಂಡತಿ ಮರಿಯಾ, 1892ರಿಂದ ಮಗಳು ರೂತ್. ಜಾನ್ ಆರ್ನಾಲ್ಡ್ ಎಂಬ ಕುಶಲಕರ್ಮಿ ಮಾಡಿದ ಹಳೆಯ ಜೇಬುಗಡಿಯಾರವೊಂದು ಆ ಮನೆಯ ಬಂಡವಾಳ. ರೂತ್ ವಾರಕ್ಕೊಮ್ಮೆ ಅದನ್ನು ಹಿಡಿದುಕೊಂಡು ಗ್ರೀನಿಚ್‌ಗೆ ಹೋಗುತ್ತಿದ್ದಳು. ಅಲ್ಲಿಯವರು ಮುಖ್ಯ ಗಡಿಯಾರದೊಂದಿಗೆ ಹೋಲಿಸಿ, ನಿನ್ನ ಗಡಿಯಾರ ಇಷ್ಟು ಸೆಕೆಂಡ್ ಮುಂದಿದೆ ಅಥವಾ ಹಿಂದಿದೆ ಎಂದು ಒಂದು ಪ್ರಮಾಣಪತ್ರ ಬರೆದುಕೊಡುತ್ತಿದ್ದರು. ಆಮೇಲೆ ಅವಳು ಲಂಡನ್ನಿನ ಬೀದಿಗಳಲ್ಲಿ ಅಂಗಡಿಯಿಂದ ಅಂಗಡಿಗೆ ಹೋಗಿ ಗಿರಾಕಿಗಳಿಗೆ ಗಡಿಯಾರವನ್ನೂ ಪತ್ರವನ್ನೂ ತೋರಿಸುತ್ತಿದ್ದಳು. ಅವರು ನೋಡಿಕೊಂಡು ತಮ್ಮದನ್ನು ತಿದ್ದಿಕೊಳ್ಳುತ್ತಿದ್ದರು, ವರ್ಷಕ್ಕಿಷ್ಟು ಎಂದು ಚಂದಾ ಕೊಡುತ್ತಿದ್ದರು.

ತಂತಿಯ ಮೂಲಕ ಸಮಯ ಮಾರುತ್ತಿದ್ದ ಕಂಪನಿಯೊಂದರ ನಿರ್ದೇಶಕ 1908ರಲ್ಲಿ ಒಂದು ಭಾಷಣದಲ್ಲಿ ಅವಳ ಪದ್ಧತಿಯನ್ನು ಹಳೆಯ ಕಾಲದ್ದೆಂದು ಲೇವಡಿ ಮಾಡಿದ. ಪತ್ರಿಕೆಗಳು ಅದನ್ನು ಎತ್ತಿಕೊಂಡವು, ಅವಳ ಹೆಸರು ಊರೆಲ್ಲ ಹರಡಿತು, ವ್ಯಾಪಾರಕ್ಕೆ ಅನುಕೂಲವೇ ಆಯಿತು. ರೇಡಿಯೊದಲ್ಲಿ ಗ್ರೀನಿಚ್ಚಿನ ಬೀಪ್ ಸದ್ದು 1924ರಲ್ಲಿ ಬಂತು. ಆದರೂ ರೂತ್ 1940ರವರೆಗೆ ಸುತ್ತುತ್ತಲೇ ಇದ್ದಳು. ಅವಳು ಮಾರುತ್ತಿದ್ದುದು ಸರಿಯಾದ ಗಡಿಯಾರವನ್ನಲ್ಲ ಎಂಬುದನ್ನು ಗಮನಿಸಬೇಕು. ತಪ್ಪು ಗಡಿಯಾರ ಮತ್ತು ಅದರ ತಪ್ಪಿನ ಲೆಕ್ಕ, ಇವೆರಡೇ ಅವಳ ಸರಕು. ಸರ್ಕ್ಯುಲರ್ ಟಿ ಮಾಡುವುದೂ ಇದಕ್ಕಿಂತ ಬೇರೆಯಲ್ಲ. ಸೆಕೆಂಡಿನ ಜಾಗದಲ್ಲಿ ನ್ಯಾನೋಸೆಕೆಂಡ್ ಬಂದಿದೆ, ಬಗಲಿನ ಚೀಲದ ಜಾಗದಲ್ಲಿ ಉಪಗ್ರಹ.

1884ರ ಅಕ್ಟೋಬರ್‌ನಲ್ಲಿ 25 ದೇಶಗಳ ಪ್ರತಿನಿಧಿಗಳು ವಾಷಿಂಗ್ಟನ್‌ನಲ್ಲಿ ಸೇರಿ ಗ್ರೀನಿಚ್ ರೇಖೆಯನ್ನು ಮೂಲರೇಖೆಯೆಂದು ಒಪ್ಪಿದರು. 22 ದೇಶಗಳು ಪರ, ಸ್ಯಾನ್ ಡೊಮಿಂಗೊ ವಿರುದ್ಧ, ಫ್ರಾನ್ಸ್ ಮತ್ತು ಬ್ರೆಜಿಲ್ ತಟಸ್ಥ. ಭೂಮಿಯನ್ನು ಕಾಲವಲಯಗಳಾಗಿ ಹಂಚಿದ್ದು ಇದೇ ಸಭೆ ಎಂದು ಬಹಳ ಜನ ಬರೆಯುತ್ತಾರೆ. ಹಾಗೇನೂ ಆಗಲಿಲ್ಲ. ಒಂದು ಸಾರ್ವತ್ರಿಕ ದಿನವಿರಲಿ, ಆದರೆ ಅದು ಸ್ಥಳೀಯ ಸಮಯದ ಬಳಕೆಗೆ ಅಡ್ಡಿಯಾಗಕೂಡದು ಎಂದು ನಿರ್ಣಯದಲ್ಲೇ ಇದೆ. ವಲಯಗಳನ್ನು ಒಂದೊಂದು ದೇಶವೂ ತನಗೆ ತೋಚಿದಾಗ, ತೋಚಿದಂತೆ ಮಾಡಿಕೊಂಡಿತು. ಗ್ರೀನಿಚ್ಚನ್ನು ಆರಿಸುವುದಕ್ಕೆ ಆಕಾಶದಲ್ಲಿ ಯಾವ ಕಾರಣವೂ ಇರಲಿಲ್ಲ. ಲೋಕದ ಹಡಗು ಸರಕಿನ ಬಹುಪಾಲು ಆಗಲೇ ಗ್ರೀನಿಚ್ ಆಧಾರದ ನಕ್ಷೆಗಳನ್ನು ನೆಚ್ಚಿಕೊಂಡಿತ್ತು, ಅಷ್ಟೇ.

ಫ್ರಾನ್ಸ್ ಮುನಿಸಿಕೊಂಡೇ ಇತ್ತು. ಕೊನೆಗೆ 1911ರಲ್ಲಿ ಒಂದು ಕಾನೂನು ಮಾಡಿತು. ದೇಶದ ಅಧಿಕೃತ ಸಮಯ ಪ್ಯಾರಿಸ್ಸಿನ ಮಧ್ಯಮ ಸಮಯವೇ, ಆದರೆ 9 ನಿಮಿಷ 21 ಸೆಕೆಂಡ್ ಹಿಂದಕ್ಕೆ ಸರಿಸಿದ್ದು. ಅಷ್ಟು ಸರಿಸಿದರೆ ಸಿಗುವುದು ಗ್ರೀನಿಚ್ ಸಮಯ ಎಂಬುದನ್ನು ಕಾನೂನು ಎಲ್ಲಿಯೂ ಬಾಯಿಬಿಟ್ಟು ಹೇಳಲಿಲ್ಲ. ಸ್ವಾಭಿಮಾನವನ್ನು ಇಷ್ಟು ನಿಖರವಾಗಿ, ಸೆಕೆಂಡಿನವರೆಗೆ ಅಳೆದ ಇನ್ನೊಂದು ಶಾಸನವನ್ನು ನಾನು ಕಂಡಿಲ್ಲ.

ಇಲ್ಲಿಯವರೆಗೆ ಭೂಮಿಯ ತಿರುಗುವಿಕೆಯೇ ಗಡಿಯಾರವಾಗಿತ್ತು. ತಕರಾರು ಎಲ್ಲಿಂದ ಎಣಿಸಬೇಕು ಎಂಬುದರ ಬಗ್ಗೆ ಮಾತ್ರ. 1955ರಲ್ಲಿ ಲೂಯಿ ಎಸೆನ್ ಮತ್ತು ಜ್ಯಾಕ್ ಪ್ಯಾರಿ ಇಂಗ್ಲೆಂಡಿನ ಟೆಡಿಂಗ್ಟನ್‌ನಲ್ಲಿ ಸೀಸಿಯಂ ಗಡಿಯಾರವನ್ನು ನಡೆಸಿ ತೋರಿಸಿದ ಮೇಲೆ ಭೂಮಿಗೆ ಆ ಹುದ್ದೆ ಉಳಿಯಲಿಲ್ಲ. 1967ರಿಂದ ಒಂದು ಸೆಕೆಂಡ್ ಎಂದರೆ ಸೀಸಿಯಂ-133 ಪರಮಾಣುವಿನ ಒಂದು ನಿರ್ದಿಷ್ಟ ವಿಕಿರಣದ 9,19,26,31,770 ಕಂಪನಗಳ ಅವಧಿ. ಈ ಸಂಖ್ಯೆ ಮೇಲಿಂದ ಉದುರಿದ್ದಲ್ಲ. ಹಿಂದಿನ ಖಗೋಳ ಕೋಷ್ಟಕಗಳ ಸೆಕೆಂಡಿಗೆ ಹೊಂದುವಂತೆ ಆರಿಸಿದ್ದು. ಆ ಕೋಷ್ಟಕಗಳೋ 18 ಮತ್ತು 19ನೆಯ ಶತಮಾನದ ವೀಕ್ಷಣೆಗಳ ಮೇಲೆ ನಿಂತಿದ್ದವು. ಹಾಗಾಗಿ ನಮ್ಮ ಅತ್ಯಾಧುನಿಕ ಸೆಕೆಂಡ್ ನಿಜವಾಗಿ ಸರಿಹೊಂದುವುದು 1820ರ ಆಸುಪಾಸಿನ ದಿನಕ್ಕೆ.

ಆಮೇಲಿನ ಭೂಮಿ ಒಂಚೂರು ನಿಧಾನ. ಚಂದ್ರ ಎಬ್ಬಿಸುವ ಉಬ್ಬರವಿಳಿತಗಳು ಭೂಮಿಯ ವೇಗಕ್ಕೆ ಕಡಿವಾಣ ಹಾಕುತ್ತವೆ. ಚಂದ್ರನೂ ಅದರ ಪ್ರತಿಫಲವಾಗಿ ವರ್ಷಕ್ಕೆ 3.8 ಸೆಂಟಿಮೀಟರಿನಷ್ಟು ದೂರ ಸರಿಯುತ್ತಾನೆ. ದಿನ ಉದ್ದವಾಗುವುದು ಶತಮಾನಕ್ಕೆ ಎರಡು ಮಿಲಿಸೆಕೆಂಡಿಗೂ ಕಡಿಮೆ, ಆದರೆ ಅದು ದಿನದಿನವೂ ಕೂಡುತ್ತಾ ಹೋಗುತ್ತದೆ. ಇದಕ್ಕೆ ಜೇಡಿಮಣ್ಣಿನ ಸಾಕ್ಷಿ ಇದೆ. ಕ್ರಿ.ಪೂ. 136ರ ಏಪ್ರಿಲ್ 15ರಂದು ಬ್ಯಾಬಿಲಾನ್‌ನಲ್ಲಿ ಪೂರ್ಣ ಸೂರ್ಯಗ್ರಹಣ ಕಂಡಿತೆಂದು ಅಲ್ಲಿಯವರು ಮಣ್ಣಿನ ಹಲಗೆಯ ಮೇಲೆ ಬರೆದಿಟ್ಟಿದ್ದಾರೆ. ಭೂಮಿ ಅಂದಿನಿಂದ ಇಂದಿನವರೆಗೆ ಒಂದೇ ವೇಗದಲ್ಲಿ ತಿರುಗಿದೆ ಎಂದು ಭಾವಿಸಿ ಹಿಂದಕ್ಕೆ ಲೆಕ್ಕ ಹಾಕಿದರೆ ಆ ಗ್ರಹಣದ ನೆರಳು ಬ್ಯಾಬಿಲಾನ್‌ಗೆ ತಾಗುವುದೇ ಇಲ್ಲ. ಸುಮಾರು 49 ಡಿಗ್ರಿ ಪಶ್ಚಿಮಕ್ಕೆ ಬೀಳುತ್ತದೆ. 49 ಡಿಗ್ರಿ ಎಂದರೆ ಮೂರೂಕಾಲು ಗಂಟೆ. ಎರಡು ಸಾವಿರ ವರ್ಷಗಳಲ್ಲಿ ಭೂಮಿ ಹಿಂದುಳಿದ ಹೊತ್ತು ಅಷ್ಟು.

ಪರಮಾಣುವಿನ ಎಣಿಕೆ ಒಂದು ಕಡೆ, ಭೂಮಿಯ ಕೋನ ಇನ್ನೊಂದು ಕಡೆ. 1972ರಲ್ಲಿ ಇವೆರಡರ ನಡುವೆ ಒಂದು ರಾಜಿಯಾಯಿತು. ಸೆಕೆಂಡ್ ಪರಮಾಣುವಿನದೇ ಇರಲಿ, ಆದರೆ ಭೂಮಿಯಿಂದ 0.9 ಸೆಕೆಂಡಿಗಿಂತ ಹೆಚ್ಚು ದೂರ ಹೋಗದಂತೆ ಆಗಾಗ ಒಂದು ಲೀಪ್ ಸೆಕೆಂಡ್ ಸೇರಿಸೋಣ. ಅಂಥ ದಿನ ಗಡಿಯಾರ 23:59:59 ಆದ ಮೇಲೆ 23:59:60 ತೋರಿಸುತ್ತದೆ. ಹೀಗೆ 27 ಸೆಕೆಂಡುಗಳನ್ನು ಸೇರಿಸಿದ್ದಾರೆ, ಕೊನೆಯದು 2016ರ ಡಿಸೆಂಬರ್ 31ರಂದು. ಮನುಷ್ಯರು ಇದನ್ನು ಗಮನಿಸಲೂ ಇಲ್ಲ, ಕಂಪ್ಯೂಟರುಗಳು ಗಮನಿಸಿದವು. ಅವು ದಿನಕ್ಕೆ 86,400 ಸೆಕೆಂಡ್ ಎಂದೇ ನಂಬಿ ಬೆಳೆದವು. 2012ರ ಜೂನ್ 30ರ ಹೆಚ್ಚುವರಿ ಸೆಕೆಂಡಿಗೆ ಲಿನಕ್ಸ್ ಎಂಬ ಮೂಲ ತಂತ್ರಾಂಶ ನಡೆಸುವ ಎಷ್ಟೋ ಯಂತ್ರಗಳು ತತ್ತರಿಸಿದವು, ಆಸ್ಟ್ರೇಲಿಯಾದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರು ಸಾಲುಗಟ್ಟಿ ನಿಂತರು.

ಇದರ ನಡುವೆ ಭೂಮಿ ತನ್ನ ಮನಸ್ಸು ಬದಲಿಸಿದೆ. 2020ರಿಂದ ಈಚೆಗೆ ಅದರ ವೇಗ ತುಸು ಹೆಚ್ಚಿದೆ. 2024ರ ಜುಲೈ 5ರ ದಿನ 86,400 ಸೆಕೆಂಡಿಗಿಂತ 1.66 ಮಿಲಿಸೆಕೆಂಡ್ ಗಿಡ್ಡವಾಗಿತ್ತು. ಹೀಗೇ ಹೋದರೆ ಒಂದು ಸೆಕೆಂಡನ್ನು ತೆಗೆದುಹಾಕಬೇಕಾಗುತ್ತದೆ, ಅದನ್ನು ಯಾರೂ ಈವರೆಗೆ ಮಾಡಿಲ್ಲ. ಧ್ರುವಗಳ ಹಿಮ ಕರಗಿ ನೀರು ಸಮಭಾಜಕದ ಕಡೆಗೆ ಹರಡುವುದರಿಂದ ಭೂಮಿಗೆ ಮತ್ತೆ ಸ್ವಲ್ಪ ಜಡತೆ ಬರುತ್ತಿದೆ. ಹಾಗಾಗಿ 2026ರ ಹೊತ್ತಿಗೆ ಎದುರಾಗಬೇಕಿದ್ದ ಈ ಪೀಕಲಾಟ 2029ಕ್ಕೆ ಮುಂದೆ ಹೋಗಬಹುದು ಎಂದು ಭೂವಿಜ್ಞಾನಿ ಡಂಕನ್ ಆಗ್ನ್ಯೂ 2024ರಲ್ಲಿ ಅಂದಾಜು ಮಾಡಿದರು. ನಾವು ಹಿಮ ಕರಗಿಸಿದ್ದು ಗಡಿಯಾರದ ಲೆಕ್ಕಕ್ಕೂ ಬಂತು.

2022ರ ನವೆಂಬರ್‌ನಲ್ಲಿ ತೂಕ ಮತ್ತು ಅಳತೆಗಳ ಮಹಾಸಭೆ ಈ ರಾಜಿಯನ್ನು ಸಡಿಲಿಸಲು ತೀರ್ಮಾನಿಸಿದೆ. 2035ರೊಳಗೆ 0.9 ಸೆಕೆಂಡಿನ ಮಿತಿಯನ್ನು ದೊಡ್ಡದು ಮಾಡುತ್ತಾರೆ. ಗಡಿಯಾರ ಸೂರ್ಯನ ಕೈ ಬಿಡುತ್ತಿದೆ ಎಂದು ಮರುಗುವವರಿದ್ದಾರೆ. ನನಗೆ ಆ ದುಃಖ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ. ಚೀನಾ ಇಡೀ ದೇಶಕ್ಕೆ ಒಂದೇ ಸಮಯವನ್ನು ಇಟ್ಟುಕೊಂಡಿದೆ. ಅದರ ಪಶ್ಚಿಮದ ಅಂಚಿನ ಕಾಶ್ಗರ್‌ನಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ ಮೂರು ಗಂಟೆಯ ಹತ್ತಿರ. ಸಮೋವಾ ದೇಶ 2011ರ ಡಿಸೆಂಬರ್ 30ನ್ನು ಕ್ಯಾಲೆಂಡರಿನಿಂದಲೇ ಹಾರಿಸಿ ದಿನಾಂಕ ರೇಖೆಯ ಆಚೆ ಬದಿಗೆ ಹೋಯಿತು. ಗಂಟೆಗಳನ್ನೂ ದಿನಗಳನ್ನೂ ಇಷ್ಟು ಸಲೀಸಾಗಿ ಸರಿಸಿದವರು ಒಂದು ಸೆಕೆಂಡಿನ ಮಡಿವಂತಿಕೆಗಾಗಿ ಲೋಕದ ಕಂಪ್ಯೂಟರುಗಳನ್ನೆಲ್ಲ ನಡುಗಿಸುವುದು ನನಗೆ ಹಾಸ್ಯಾಸ್ಪದವಾಗಿ ಕಾಣುತ್ತದೆ.

ಸರಿ, ಭೂಮಿಯನ್ನು ಬಿಟ್ಟು ಪರಮಾಣುವನ್ನು ಹಿಡಿದರೆ ಕೊನೆಗೂ ನ್ಯೂಟನ್ನನ ಕಾಲ ಸಿಕ್ಕಿತೇ? ಅದೂ ಇಲ್ಲ. ಗುರುತ್ವ ಹೆಚ್ಚಿರುವಲ್ಲಿ ಗಡಿಯಾರ ನಿಧಾನ, ಎತ್ತರಕ್ಕೆ ಹೋದಂತೆ ಚುರುಕು. 2010ರಲ್ಲಿ ಅಮೆರಿಕದ ಬೋಲ್ಡರ್‌ನಲ್ಲಿ ಎರಡು ಗಡಿಯಾರಗಳ ಪೈಕಿ ಒಂದನ್ನು ಕೇವಲ 33 ಸೆಂಟಿಮೀಟರ್ ಮೇಲೆತ್ತಿ ಈ ವ್ಯತ್ಯಾಸವನ್ನು ಅಳೆದರು. ಮೆಟ್ಟಿಲ ಮೇಲೆ ನಿಂತವರ ತಲೆ ಕಾಲಿಗಿಂತ ಬೇಗ ವಯಸ್ಸಾಗುತ್ತದೆ ಎಂದರೆ ಅದು ತಮಾಷೆಯಲ್ಲ. ಜಿಪಿಎಸ್ ಉಪಗ್ರಹಗಳ ಗಡಿಯಾರಗಳು ಎತ್ತರದಿಂದಾಗಿ ದಿನಕ್ಕೆ 45 ಮೈಕ್ರೋಸೆಕೆಂಡ್ ಮುಂದೋಡಿ, ವೇಗದಿಂದಾಗಿ 7 ಹಿಂದೆ ಬಿದ್ದು, ಒಟ್ಟಾರೆ 38 ಮೈಕ್ರೋಸೆಕೆಂಡ್ ಮುಂದಿರುತ್ತವೆ. ಅದನ್ನು ಮೊದಲೇ ಕಳೆಯದಿದ್ದರೆ ಮೊಬೈಲಿನ ನಕ್ಷೆ ಒಂದೇ ದಿನದಲ್ಲಿ ಸುಮಾರು 10 ಕಿಲೋಮೀಟರ್ ದಾರಿ ತಪ್ಪಿಸುತ್ತದೆ. ಸೆವ್ರ್‌ನ ಲೆಕ್ಕದಲ್ಲೂ ಎತ್ತರದ ಊರುಗಳ ಗಡಿಯಾರಗಳನ್ನು ಸಮುದ್ರ ಮಟ್ಟಕ್ಕೆ ಇಳಿಸಿಕೊಂಡೇ ಸರಾಸರಿ ತೆಗೆಯಬೇಕು. ಹೆಸರು ವಿಶ್ವದ್ದಾದರೂ ಅದು ಒಂದು ಗ್ರಹದ ಸಮುದ್ರ ಮಟ್ಟದ ಸಮಯ.

ವಿಶ್ವಕ್ಕೇ ಅನ್ವಯಿಸುವ ಕಾಲವೊಂದು ಇಲ್ಲವೇ ಇಲ್ಲ ಎನ್ನುವಂತೆಯೂ ಇಲ್ಲ. ಬ್ರಹ್ಮಾಂಡದ ವಯಸ್ಸು 1,380 ಕೋಟಿ ವರ್ಷ ಎನ್ನುವಾಗ ಯಾರ ಗಡಿಯಾರದ ವರ್ಷ ಎಂದು ಕೇಳಬೇಕು. ಮಹಾಸ್ಫೋಟದ ನಂತರ ಉಳಿದ ವಿಕಿರಣ ಎಲ್ಲ ದಿಕ್ಕಿನಿಂದಲೂ ತುಂಬಿಕೊಂಡಿದೆ. ಬ್ರಹ್ಮಾಂಡ ಹಿಗ್ಗಿದಂತೆ ಅದು ತಣಿಯುತ್ತಿದೆ. ಎಲ್ಲ ದಿಕ್ಕಿನಲ್ಲೂ ಅದು ಒಂದೇ ಸಮನಾಗಿ ಕಾಣುವಂತೆ ನಿಂತವರು, ಯಾವ ಗೆಲಾಕ್ಸಿಯಲ್ಲಿದ್ದರೂ, ಅದರ ಉಷ್ಣತೆ ಓದಿ ವಿಶ್ವದ ವಯಸ್ಸನ್ನು ಹೇಳಬಹುದು. ಈಗ ನಮ್ಮಲ್ಲಿ ಅದು 2.725 ಕೆಲ್ವಿನ್. ನಾವು ಮಾತ್ರ ಹಾಗೆ ನಿಂತಿಲ್ಲ: ಸೂರ್ಯ ನಮ್ಮನ್ನೆಲ್ಲ ಕಟ್ಟಿಕೊಂಡು ಆ ವಿಕಿರಣದ ನಡುವೆ ಸೆಕೆಂಡಿಗೆ ಸುಮಾರು 370 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದ್ದಾನೆ. ಮೇಲಾಗಿ ಕೋಟಿ ವರ್ಷಕ್ಕೆ ಮುಳ್ಳು ಕದಲುವ ಆ ಗಡಿಯಾರ ನೋಡಿಕೊಂಡು ಯಾರೂ ರೈಲು ಹಿಡಿಯಲಾರರು.

ಅನುಭವದ ಕಾಲದ ಪಾಡೇನು ಎಂಬ ಪ್ರಶ್ನೆ ಉಳಿಯುತ್ತದೆ. 1922ರ ಏಪ್ರಿಲ್ 6ರಂದು ಪ್ಯಾರಿಸ್‌ನಲ್ಲಿ ಐನ್‌ಸ್ಟೈನ್ ಮತ್ತು ತತ್ತ್ವಶಾಸ್ತ್ರಜ್ಞ ಹೆನ್ರಿ ಬರ್ಗ್‌ಸನ್ ಇದೇ ವಿಷಯಕ್ಕೆ ಮುಖಾಮುಖಿಯಾದರು. ಗಡಿಯಾರ ಎಣಿಸುವುದರಾಚೆಗೆ ನಾವು ಬದುಕುವ ಅವಧಿಯೆಂಬುದು ಇದೆ, ಅದನ್ನು ಬಿಟ್ಟರೆ ಗಡಿಯಾರಕ್ಕೂ ಅರ್ಥವಿಲ್ಲ ಎಂಬುದು ಬರ್ಗ್‌ಸನ್ನರ ನಿಲುವು. ತತ್ತ್ವಜ್ಞಾನಿಗಳ ಕಾಲ ಎಂಬುದೊಂದು ಬೇರೆ ಇಲ್ಲ ಎಂದು ಐನ್‌ಸ್ಟೈನ್ ಚುಟುಕಾಗಿ ಉತ್ತರಿಸಿದರು. ಅಂದು ಗೆದ್ದವರು ಐನ್‌ಸ್ಟೈನ್ ಎಂದೇ ಜನ ತಿಳಿದರು. ನನಗೇನೋ ಅವರಿಬ್ಬರೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಹೇಳುತ್ತಿದ್ದರು ಎನಿಸುತ್ತದೆ.

ನಲವತ್ತು ವರ್ಷಗಳ ಬಳಿಕ ಫ್ರಾನ್ಸಿನವನೇ ಆದ ಮಿಶೆಲ್ ಸಿಫ್ರ್ ಎಂಬ ಯುವ ಭೂವಿಜ್ಞಾನಿ ಇದನ್ನು ಮೈಮೇಲೆ ಹಾಕಿಕೊಂಡು ಪರೀಕ್ಷಿಸಿದ. 1962ರ ಜುಲೈ 16ರಂದು ಗಡಿಯಾರವಿಲ್ಲದೆ ಆಲ್ಪ್ಸ್ ಪರ್ವತದ ಗುಹೆಯೊಂದಕ್ಕೆ ಇಳಿದ. ಒಳಗೆ ಕತ್ತಲೆ, ಹಿಮ, ತೇವ. ಎದ್ದಾಗ, ಉಂಡಾಗ, ಮಲಗುವಾಗ ಮೇಲಿನವರಿಗೆ ಫೋನ್ ಮಾಡಿ ತಿಳಿಸುತ್ತಿದ್ದ. ಅವರು ಮಾತ್ರ ಅವನಿಗೆ ಸಮಯ ಹೇಳಕೂಡದು. ಒಂದು ಸೆಕೆಂಡಿಗೆ ಒಂದರಂತೆ 120ರವರೆಗೆ ಎಣಿಸುವುದು ಒಂದು ಪರೀಕ್ಷೆಯಾಗಿತ್ತು. ಎರಡು ನಿಮಿಷದ ಆ ಎಣಿಕೆಗೆ ಅವನು ತೆಗೆದುಕೊಂಡದ್ದು ಐದು ನಿಮಿಷ. ಸೆಪ್ಟೆಂಬರ್ 14ರಂದು ಅವಧಿ ಮುಗಿಯಿತು ಎಂದು ತಿಳಿಸಿದಾಗ ಅವನ ಲೆಕ್ಕದಲ್ಲಿ ಅದು ಇನ್ನೂ ಆಗಸ್ಟ್ 20. ಆದರೆ ಅವನ ದೇಹ ಇಷ್ಟೊಂದು ಗೊಂದಲದಲ್ಲಿರಲಿಲ್ಲ. ನಿದ್ದೆ ಎಚ್ಚರಗಳ ಸುತ್ತು 24 ಗಂಟೆಗಿಂತ ಸ್ವಲ್ಪವೇ ಹೆಚ್ಚಾಗಿ ನಡೆದಿತ್ತು. ಆಮೇಲಿನ ಪ್ರಯೋಗಗಳು ಮನುಷ್ಯನ ಒಳಗಡಿಯಾರ ಸರಾಸರಿ 24.2 ಗಂಟೆಯ ಸುತ್ತಿನದು ಎಂದು ತೋರಿಸಿವೆ. ಬೆಳಕು ಅದನ್ನು ದಿನವೂ ಬೆಳಿಗ್ಗೆ ತಿದ್ದುತ್ತದೆ.

ಇದನ್ನು ಓದಿದಾಗಲೆಲ್ಲ ನನಗೆ ಅನಿಸುವುದಿಷ್ಟು: ಮನಸ್ಸಿನ ಕಾಲ ಯುಟಿಸಿಯ ಕೆಟ್ಟ ನಕಲಲ್ಲ. ಯುಟಿಸಿ ಇರುವುದು ಎಂದೂ ಭೇಟಿಯಾಗದ ಇಬ್ಬರು ಒಂದು ವಿಷಯದಲ್ಲಿ ಒಪ್ಪುವುದಕ್ಕೆ. ವಿಮಾನ ಚಾಲಕರು ಹವಾಮಾನ ವರದಿಯನ್ನು ಯುಟಿಸಿಯಲ್ಲಿ ಓದುತ್ತಾರೆ, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದವರು ಯುಟಿಸಿಯಂತೆ ಏಳುತ್ತಾರೆ. ಬೇರೆ ಬೇರೆ ದೇಶಗಳಲ್ಲಿ ಕುಳಿತವರ ಜೊತೆ ಕೆಲಸ ಮಾಡುವ ನಾನೂ ಸಭೆಯ ವೇಳೆಯನ್ನು ಅದರಲ್ಲೇ ಬರೆಯುತ್ತೇನೆ. ಸಿಫ್ರ್ ಗುಹೆಯಲ್ಲಿ ಒಬ್ಬನೇ ಇದ್ದ, ಒಪ್ಪಬೇಕಾದವರು ಯಾರೂ ಇರಲಿಲ್ಲ.

ಈಗ ಚಂದ್ರನ ಸರದಿ. ಗುರುತ್ವ ಕಡಿಮೆಯಿರುವುದರಿಂದ ಅಲ್ಲಿಯ ಗಡಿಯಾರ ಭೂಮಿಯದಕ್ಕಿಂತ ದಿನಕ್ಕೆ ಸರಾಸರಿ 58.7 ಮೈಕ್ರೋಸೆಕೆಂಡ್ ಮುಂದೋಡುತ್ತದೆ. ಚಂದ್ರನಿಗೊಂದು ಅಧಿಕೃತ ಸಮಯವನ್ನು 2026ರ ಕೊನೆಯೊಳಗೆ ರೂಪಿಸಬೇಕು ಎಂದು ಅಮೆರಿಕ ಸರ್ಕಾರ 2024ರ ಏಪ್ರಿಲ್‌ನಲ್ಲಿ ನಾಸಾಗೆ ಸೂಚಿಸಿತು. ಅದೇ ವರ್ಷ ಆಗಸ್ಟ್‌ನಲ್ಲಿ ಕೇಪ್‌ಟೌನ್‌ನಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಎಲ್ಲ ದೇಶಗಳೂ ಕೂಡಿ ಒಂದೇ ಚಾಂದ್ರ ಸಮಯವನ್ನು ಮಾಡಿಕೊಳ್ಳಬೇಕೆಂದು ನಿರ್ಣಯ ಮಾಡಿತು. ಒಂದು ಮಧ್ಯಾಹ್ನದಿಂದ ಇನ್ನೊಂದು ಮಧ್ಯಾಹ್ನಕ್ಕೆ ಅಲ್ಲಿ ನಮ್ಮ ಇಪ್ಪತ್ತೊಂಬತ್ತೂವರೆ ದಿನ. ನೆರಳು ಗಡಿಯಾರ ಅಲ್ಲಿ ಯಾರ ಕೆಲಸಕ್ಕೂ ಬಾರದು, ಊರಿಗೊಂದು ಸಮಯವಿದ್ದ ಕಾಲವೂ ಅಲ್ಲಿ ಬಂದು ಹೋಗುವುದಿಲ್ಲ. ಭೂಮಿಯ ಮೇಲೆ ಬದುಕು ಮೊದಲು ಬಂದು ಒಪ್ಪಂದ ಆಮೇಲೆ ಬಂತು. ಅಲ್ಲಿ ಯಾರೊಬ್ಬರೂ ನೆಲೆಸುವ ಮುಂಚೆಯೇ ಒಪ್ಪಂದ ಸಿದ್ಧವಾಗುತ್ತಿದೆ. ಹೋಗಿ ನೆಲೆಸುವವರ ದೇಹ ಮಾತ್ರ 24 ಗಂಟೆ ಚಿಲ್ಲರೆಯ ತನ್ನ ಲೆಕ್ಕವನ್ನು ಇಲ್ಲಿಂದಲೇ ಕಟ್ಟಿಕೊಂಡು ಹೋಗಿರುತ್ತದೆ.